ವಯಸ್ಸಾದಂತೆ ಚೆಸ್ ಆಟ ಕುಂದುತ್ತದೆಯೇ? ಯಾವುದು ಸಹಜ, ಯಾವಾಗ ವೈದ್ಯರನ್ನು ಕಾಣಬೇಕು

ಹತ್ತು ವರ್ಷದ ಹಿಂದೆ ಸುಲಭವಾಗಿ ಸೋಲಿಸುತ್ತಿದ್ದ ಗೆಳೆಯನ ಎದುರು ಈಗ ಸಮಯ ಸಾಲದೆ ಸೋಲುತ್ತಿದ್ದೀರಾ? ಮೊಬೈಲಿನಲ್ಲಿ ಮೂರು ನಿಮಿಷದ ಆಟ ಆಡಿದರೆ ಮೊಮ್ಮಗಳೇ ಗೆಲ್ಲುತ್ತಾಳಾ? ಕಣ್ಣೆದುರೇ ಇದ್ದ ಎದುರಾಳಿಯ ಕುದುರೆ ಕಾಣದೆ ಆನೆಯನ್ನು ಕಳೆದುಕೊಂಡಿರಾ? ಐವತ್ತು ದಾಟಿದ ಚೆಸ್ ಪ್ರಿಯರಲ್ಲಿ ಇಂಥ ಅನುಭವ ಸಾಮಾನ್ಯ. ಅದರ ಹಿಂದೆಯೇ ಒಂದು ಭಯವೂ ಬರುತ್ತದೆ: "ನನಗೆ ಮರೆವಿನ ಕಾಯಿಲೆ ಶುರುವಾಯಿತೇ?"

ಬಹುಪಾಲು ಸಂದರ್ಭಗಳಲ್ಲಿ ಉತ್ತರ "ಇಲ್ಲ". ವಯಸ್ಸು ಚೆಸ್ ಆಟವನ್ನು ಹೇಗೆ ಬದಲಿಸುತ್ತದೆ, ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದು ತಿಳಿದಿದ್ದರೆ ಅನಗತ್ಯ ಭಯವೂ ಇರುವುದಿಲ್ಲ, ನಿಜವಾದ ಎಚ್ಚರಿಕೆಯ ಲಕ್ಷಣವೂ ಕಣ್ತಪ್ಪುವುದಿಲ್ಲ.

ಒಂದು ನೋಟದಲ್ಲಿ

• ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಯೋಚನೆಯ ವೇಗ. ಆಟದ ತಿಳಿವಳಿಕೆ ಬಹಳ ಕಾಲ ಉಳಿಯುತ್ತದೆ.
• ಅಗ್ರ ಆಟಗಾರರಲ್ಲಿ ಆಟದ ಗುಣಮಟ್ಟ ಸರಾಸರಿ 35ರ ಆಸುಪಾಸಿನಲ್ಲಿ ಗರಿಷ್ಠ ಮಟ್ಟದಲ್ಲಿರುತ್ತದೆ. 45ರ ನಂತರ ಇಳಿಕೆ ಕಾಣುತ್ತದೆ.
• ಕಣ್ಣು, ನಿದ್ರೆ, ಔಷಧ, ಸಕ್ಕರೆ ಮಟ್ಟ ಕೂಡ ಆಟವನ್ನು ಕೆಡಿಸುತ್ತವೆ. ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು.
• ಚೆಸ್ ಚೆನ್ನಾಗಿ ಆಡುವುದು ಮಿದುಳಿನ ಆರೋಗ್ಯಕ್ಕೆ ಪ್ರಮಾಣಪತ್ರವಲ್ಲ. ಚೆಸ್‌ನಲ್ಲಿ ಸೋಲುವುದು ಕಾಯಿಲೆಯ ಗುರುತೂ ಅಲ್ಲ.

ಯಾವ ವಯಸ್ಸಿನಲ್ಲಿ ಆಟ ಗರಿಷ್ಠ ಮಟ್ಟಕ್ಕೆ ಬರುತ್ತದೆ?

ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಎಲೊ ರೇಟಿಂಗ್ ಪದ್ಧತಿಯನ್ನು ರೂಪಿಸಿದವರು ಅರ್ಪಾಡ್ ಎಲೊ. ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1965ರಲ್ಲೇ ಚೆಸ್ ಮಾಸ್ಟರ್‌ಗಳ ವಯಸ್ಸನ್ನೂ ಸಾಧನೆಯನ್ನೂ ಹೋಲಿಸಿ ನೋಡಿದ್ದರು. ಆಟ ಉತ್ತುಂಗಕ್ಕೆ ಬರುವುದು ಮೂವತ್ತೈದರ ಸುಮಾರಿಗೆ ಎಂದು ಅವರಿಗೆ ಕಂಡುಬಂತು.

ಆದರೆ ರೇಟಿಂಗ್‌ಗೆ ಒಂದು ಮಿತಿ ಇದೆ. ಅದು ನಿಮ್ಮನ್ನು ಬೇರೆಯವರ ಜೊತೆ ಹೋಲಿಸಿ ಅಂಕ ಕೊಡುತ್ತದೆ. ನಿಮ್ಮ ಆಟ ಇದ್ದಲ್ಲೇ ಇದ್ದು, ಸುತ್ತಲಿನ ಹುಡುಗರು ಕಂಪ್ಯೂಟರ್ ನೆರವಿನಿಂದ ಬಲವಾದರೆ ನಿಮ್ಮ ರೇಟಿಂಗ್ ಇಳಿಯುತ್ತದೆ. ಆದ್ದರಿಂದ ರೇಟಿಂಗ್ ಇಳಿಯಿತು ಎಂದರೆ ಬುದ್ಧಿ ಇಳಿಯಿತು ಎಂದೇ ಅರ್ಥವಲ್ಲ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ತೊಡಕನ್ನು ತಪ್ಪಿಸಲು ಬೇರೆ ದಾರಿ ಹಿಡಿಯಿತು. 1890ರಿಂದ 2014ರವರೆಗಿನ, ವಿಶ್ವ ಚಾಂಪಿಯನ್ನರೂ ಅವರ ಎದುರಾಳಿಗಳೂ ಆಡಿದ 24,000ಕ್ಕೂ ಹೆಚ್ಚು ಆಟಗಳನ್ನು ಸಂಶೋಧಕರು ತೆಗೆದುಕೊಂಡರು. ಪ್ರತಿ ನಡೆಯನ್ನೂ ಕಂಪ್ಯೂಟರ್ ಸೂಚಿಸುವ ಅತ್ಯುತ್ತಮ ನಡೆಯ ಜೊತೆ ಹೋಲಿಸಿದರು. ಇಪ್ಪತ್ತರ ಆರಂಭದವರೆಗೆ ಆಟ ವೇಗವಾಗಿ ಸುಧಾರಿಸುತ್ತದೆ, ನಂತರ ನಿಧಾನವಾಗಿ ಏರುತ್ತಾ ಸುಮಾರು 35ರಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ, 45ರ ನಂತರ ಇಳಿಕೆ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ಫಲಿತಾಂಶ. ಇತ್ತೀಚಿನ ಪೀಳಿಗೆಯವರು ಅದೇ ವಯಸ್ಸಿನ ಹಳೆಯ ಪೀಳಿಗೆಯವರಿಗಿಂತ ಚೆನ್ನಾಗಿ ಆಡುತ್ತಾರೆ ಎಂಬುದೂ ಇದರಲ್ಲಿ ಕಂಡುಬಂತು.

ಇವು ಸರಾಸರಿಗಳು. ಒಬ್ಬೊಬ್ಬರ ಬದುಕು ಸರಾಸರಿಯಂತೆ ನಡೆಯಬೇಕಿಲ್ಲ. ವಿಶ್ವನಾಥನ್ ಆನಂದ್ ಅವರನ್ನೇ ನೋಡಿ. 1969ರಲ್ಲಿ ಹುಟ್ಟಿದ ಅವರ ಅತಿ ಹೆಚ್ಚಿನ ರೇಟಿಂಗ್ 2817 ಬಂದದ್ದು 2011ರಲ್ಲಿ, 41ನೇ ವಯಸ್ಸಿನಲ್ಲಿ. 2013ರಲ್ಲಿ ಚೆನ್ನೈನಲ್ಲಿ 22ರ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಅವರು ವಿಶ್ವ ಕಿರೀಟ ಕಳೆದುಕೊಂಡರು. "ಇನ್ನು ಮುಗಿಯಿತು" ಎಂದವರು ಅನೇಕರು. 2017ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ನಡೆದ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಷಿಪ್ ಗೆದ್ದಾಗ ಅವರಿಗೆ 48. ವೇಗ ಬೇಡುವ ಆಟದಲ್ಲೇ ಈ ಗೆಲುವು ಬಂದದ್ದು ವಿಶೇಷ. ಹದಿಹರೆಯದಿಂದಲೇ ಮಿಂಚಿನ ವೇಗಕ್ಕೆ ಹೆಸರಾಗಿದ್ದವರು ಅವರು. ಇನ್ನೊಂದು ತುದಿಯಲ್ಲಿ, ಡಿ. ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ವಯಸ್ಸು 18.

ಮಿದುಳಿನಲ್ಲಿ ಏನು ಬದಲಾಗುತ್ತದೆ?

ಚೆಸ್ ಆಡುವಾಗ ಮಿದುಳು ಎರಡು ಬಗೆಯ ಶಕ್ತಿಯನ್ನು ಬಳಸುತ್ತದೆ. ಒಂದು, ಆ ಕ್ಷಣದಲ್ಲಿ ಲೆಕ್ಕ ಹಾಕುವ ಶಕ್ತಿ. ಇನ್ನೊಂದು, ವರ್ಷಗಟ್ಟಲೆ ಆಡಿ ಕೂಡಿಟ್ಟ ತಿಳಿವಳಿಕೆ. ವಯಸ್ಸು ಇವೆರಡನ್ನೂ ಒಂದೇ ರೀತಿ ಮುಟ್ಟುವುದಿಲ್ಲ.

ಕಡಿಮೆಯಾಗುವುದು:

• ಯೋಚನೆಯ ವೇಗ. ಅದೇ ಲೆಕ್ಕಕ್ಕೆ ಹೆಚ್ಚು ಸೆಕೆಂಡು ಬೇಕಾಗುತ್ತದೆ. ಯೌವನ ಕಳೆಯುತ್ತಿದ್ದಂತೆ ಶುರುವಾಗುವ ಈ ಬದಲಾವಣೆ ನಮಗೆ ಗೊತ್ತಾಗುವುದು ಬಹಳ ತಡವಾಗಿ.
• ಕ್ಷಣಕಾಲದ ನೆನಪು. "ನಾನು ಕಾಲಾಳನ್ನು ಹೊಡೆದರೆ ಅವನು ಒಂಟೆಯಿಂದ ಹೊಡೆಯುತ್ತಾನೆ, ಆಮೇಲೆ ನನ್ನ ಕುದುರೆ ಅಲ್ಲಿಗೆ ಹೋಗುತ್ತದೆ" ಎಂದು ಮನಸ್ಸಿನಲ್ಲೇ ಕಾಯಿ ನಡೆಸುವಾಗ, ನಾಲ್ಕನೇ ನಡೆಗೆ ಬರುವಷ್ಟರಲ್ಲಿ ಮೊದಲನೆಯದು ಮಸುಕಾಗುತ್ತದೆ. ಲೆಕ್ಕದಲ್ಲಿ ಆಗಲೇ ಹೊರಬಿದ್ದ ಕಾಯಿ ಇನ್ನೂ ಮಣೆಯ ಮೇಲೆ ಇದ್ದಂತೆ ಅನಿಸುತ್ತದೆ.
• ದೀರ್ಘ ಏಕಾಗ್ರತೆ. ಮೂರು ಗಂಟೆ ಚೆನ್ನಾಗಿ ಆಡಿ ನಾಲ್ಕನೇ ಗಂಟೆಯಲ್ಲಿ ಒಂದು ದೊಡ್ಡ ತಪ್ಪು ಮಾಡುವುದು ಹಿರಿಯ ಆಟಗಾರರ ಸಾಮಾನ್ಯ ದೂರು.

ಉಳಿಯುವುದು:

ಕೂಡಿಟ್ಟ ತಿಳಿವಳಿಕೆ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಚೆಸ್ ಮಾಸ್ಟರ್‌ಗಳಿಗೆ ಒಂದು ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ, ನಂತರ ನೆನಪಿನಿಂದ ಜೋಡಿಸಲು ಹೇಳಿದ್ದರು. ಮಾಸ್ಟರ್‌ಗಳು ಬಹುತೇಕ ಸರಿಯಾಗಿ ಜೋಡಿಸಿದರು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದಾಗ ಮಾಸ್ಟರ್‌ಗಳ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರ ನೆನಪಿನ ಶಕ್ತಿ ಎಲ್ಲರಿಗಿಂತ ದೊಡ್ಡದಾಗಿರಲಿಲ್ಲ. ನಾವು ಅಕ್ಷರ ಅಕ್ಷರ ಕೂಡಿಸದೆ ಇಡೀ ಪದವನ್ನು ಒಮ್ಮೆಗೇ ಓದುವಂತೆ, ಅವರು ಕಾಯಿಗಳ ಗುಂಪನ್ನು ಒಂದೇ ಚಿತ್ರವಾಗಿ ಗುರುತಿಸುತ್ತಿದ್ದರು.

ಈ ಗುರುತಿಸುವ ಶಕ್ತಿಯೇ ಹಿರಿಯರ ಕೈ ಹಿಡಿಯುತ್ತದೆ. ನೀಲ್ ಚಾರ್ನೆಸ್ 1981ರಲ್ಲಿ ಬೇರೆ ಬೇರೆ ವಯಸ್ಸಿನ, ಆದರೆ ಸಮಾನ ಮಟ್ಟದ ಆಟಗಾರರನ್ನು ಪರೀಕ್ಷಿಸಿದರು. ಕಾಯಿಗಳ ಸ್ಥಾನವನ್ನು ನೆನಪಿಟ್ಟುಕೊಳ್ಳುವುದರಲ್ಲಿ ಹಿರಿಯರು ಹಿಂದೆ ಬಿದ್ದರು. ಒಳ್ಳೆಯ ನಡೆಯನ್ನು ಆರಿಸುವುದರಲ್ಲಿ ಮಾತ್ರ ಕಿರಿಯರಿಗೆ ಸಮನಾಗಿದ್ದರು. ಅವರು ಹೆಚ್ಚು ನಡೆಗಳನ್ನು ಹುಡುಕಲಿಲ್ಲ. ಎಲ್ಲಿ ಹುಡುಕಬೇಕು ಎಂಬುದು ಅವರಿಗೆ ಗೊತ್ತಿತ್ತು.

ವಯಸ್ಸನ್ನು ಹಿಂದೆ ಹಾಕಿದ ಕೆಲವರು

ಎಮಾನುಯೆಲ್ ಲಾಸ್ಕರ್ 1935ರ ಮಾಸ್ಕೋ ಟೂರ್ನಿಯಲ್ಲಿ 66ನೇ ವಯಸ್ಸಿನಲ್ಲಿ ಮೂರನೇ ಸ್ಥಾನ ಪಡೆದರು. ಒಂದು ಆಟವನ್ನೂ ಸೋಲಲಿಲ್ಲ. ವಾಸಿಲಿ ಸ್ಮಿಸ್ಲೋವ್ ಅರವತ್ತು ದಾಟಿದ ಮೇಲೂ, 1984ರಲ್ಲಿ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಫೈನಲ್ ತಲುಪಿದರು. ಅಲ್ಲಿ ಅವರನ್ನು ಸೋಲಿಸಿದ್ದು ಅವರ ವಯಸ್ಸಿನ ಮೂರನೇ ಒಂದರಷ್ಟು ಪ್ರಾಯದ ಗ್ಯಾರಿ ಕ್ಯಾಸ್ಪರೋವ್. ವಿಕ್ಟರ್ ಕೊರ್ಚ್ನೊಯ್ 79ರಲ್ಲಿ ಜಿಬ್ರಾಲ್ಟರ್‌ನಲ್ಲಿ 18ರ ಫಾಬಿಯಾನೊ ಕರುವಾನಾ ಅವರನ್ನು ಸೋಲಿಸಿದರು. ಅದೇ ವರ್ಷ, 2011ರಲ್ಲಿ, 80ನೇ ವಯಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚಾಂಪಿಯನ್ ಆದರು.

ಇವರು ಅಪರೂಪದವರು, ನಮಗೆಲ್ಲ ಅಳತೆಗೋಲಲ್ಲ. ಆದರೆ ಸ್ಮಿಸ್ಲೋವ್ ಮತ್ತು ಕೊರ್ಚ್ನೊಯ್ ಆಡುವುದನ್ನು ಕೈಬಿಟ್ಟವರಲ್ಲ ಎಂಬುದನ್ನು ಗಮನಿಸಿ. ಜರ್ಮನಿಯ ಚೆಸ್ ಆಟಗಾರರ ದೊಡ್ಡ ದಾಖಲೆಯನ್ನು ಆಧರಿಸಿ 2015ರಲ್ಲಿ ಬಂದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಸತತವಾಗಿ ಟೂರ್ನಿ ಆಡುತ್ತಿರುವುದು ವಯಸ್ಸಿನಿಂದಾಗುವ ಇಳಿಕೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ.

ಕಾರಣ ವಯಸ್ಸೇ ಆಗಿರಬೇಕಿಲ್ಲ

ಕೆಲವೇ ತಿಂಗಳಲ್ಲಿ ಆಟ ಕೆಟ್ಟಿದ್ದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಮೊದಲು ಇವನ್ನು ಪರಿಶೀಲಿಸಿ.

• ಕಣ್ಣು: ಕಣ್ಣಿನ ಪೊರೆ ಇದ್ದರೆ ಕಪ್ಪು ಮನೆಯ ಮೇಲಿನ ಕಪ್ಪು ಕಾಯಿ ತಪ್ಪಿಹೋಗಬಹುದು. ಗ್ಲಾಕೋಮಾದಲ್ಲಿ ನೋಟದ ಅಂಚು ಕುಗ್ಗುತ್ತದೆ. ಕಾಯಿ "ಕಾಣಲೇ ಇಲ್ಲ" ಎಂದು ಪದೇ ಪದೇ ಅನಿಸಿದರೆ ಕಣ್ಣಿನ ವೈದ್ಯರ ಬಳಿ ಹೋಗಿ.
• ನಿದ್ರೆ: ಜೋರು ಗೊರಕೆ, ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದು, ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಇದು ಏಕಾಗ್ರತೆಯನ್ನು ನೇರವಾಗಿ ಕುಗ್ಗಿಸುತ್ತದೆ.
• ಔಷಧಗಳು: ನಿದ್ರೆ ಮಾತ್ರೆ, ಶೀತ ಮತ್ತು ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ಹಿರಿಯರಲ್ಲಿ ಮಂಕು ಕವಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.
• ರಕ್ತ ಪರೀಕ್ಷೆ: ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ರಕ್ತಹೀನತೆ ಯೋಚನೆಯನ್ನು ನಿಧಾನಗೊಳಿಸುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯ ಸಾಧ್ಯತೆ ಹೆಚ್ಚು.
• ಮನಸ್ಸು: ನಿವೃತ್ತಿ, ಸಂಗಾತಿಯ ಸಾವು, ಊರು ಬಿಟ್ಟು ಮಗನ ಅಥವಾ ಮಗಳ ಮನೆಗೆ ಬಂದು ನೆಲೆಸಿದ ಒಂಟಿತನ ಖಿನ್ನತೆಗೆ ದಾರಿಯಾಗಬಹುದು. ಹಿರಿಯರಲ್ಲಿ ಖಿನ್ನತೆ ಅಳುವಾಗಿ ಕಾಣದೆ, ಮರೆವು ಮತ್ತು ನಿರಾಸಕ್ತಿಯಾಗಿ ಕಾಣಿಸಿಕೊಳ್ಳಬಹುದು.

ಚೆಸ್ ಆಡಿದರೆ ಡಿಮೆನ್ಷಿಯಾ ಬರುವುದಿಲ್ಲವೇ?

ಈ ಮಾತನ್ನು ನೀವು ವಾಟ್ಸ್‌ಆ್ಯಪ್‌ನಲ್ಲಿ ನೋಡಿರಬಹುದು. ಇದರ ಹಿಂದೆ ನಿಜವಾದ ಅಧ್ಯಯನವಿದೆ, ಆದರೆ ಅದು ಹೇಳುವುದು ಇಷ್ಟು ಖಚಿತವಾಗಿಲ್ಲ. 2003ರಲ್ಲಿ ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ ಫಲಿತಾಂಶ ಪ್ರಕಟವಾಯಿತು. ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡುಬಂತು.

ಆಟವೇ ಕಾಯಿಲೆಯನ್ನು ತಡೆಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಡಿಮೆನ್ಷಿಯಾ ಗುರುತು ಸಿಗುವ ಹಲವು ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತದೆ. ಹಾಗೆ ಶುರುವಾದವರು ತಾವಾಗಿಯೇ ಆಟ ಕಡಿಮೆ ಮಾಡಿರಬಹುದು. ಆದ್ದರಿಂದ ಚೆಸ್ ಆಡಿ, ಅದು ಒಳ್ಳೆಯ ಹವ್ಯಾಸ. ಆದರೆ ಅದನ್ನು ಔಷಧಿಯ ಜಾಗದಲ್ಲಿ ಇಡಬೇಡಿ. ಲ್ಯಾನ್ಸೆಟ್ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ಸಂಬಂಧಿಸಿದ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ಕಿವುಡು, ಸರಿಪಡಿಸದ ದೃಷ್ಟಿದೋಷ, ವ್ಯಾಯಾಮವಿಲ್ಲದ ಬದುಕು, ಒಂಟಿತನ ಇವೆಲ್ಲ ಆ ಪಟ್ಟಿಯಲ್ಲಿವೆ.

ಇನ್ನೊಂದು ಎಚ್ಚರಿಕೆಯೂ ಬೇಕು. 2005ರಲ್ಲಿ ಬ್ರಿಟನ್ನಿನ ವೈದ್ಯರು ಒಬ್ಬ ಹಿರಿಯ ಚೆಸ್ ಆಟಗಾರರ ವಿಷಯವನ್ನು ವರದಿ ಮಾಡಿದರು. ಮೊದಲಿನಷ್ಟು ನಡೆ ಮುಂದಕ್ಕೆ ಯೋಚಿಸಲಾಗುತ್ತಿಲ್ಲ ಎಂಬುದು ಅವರ ದೂರು. ನೆನಪಿನ ಪರೀಕ್ಷೆಗಳಲ್ಲಿ ಅವರ ತೊಂದರೆ ಸೌಮ್ಯವಾಗಿಯೇ ಕಂಡಿತ್ತು. ಅವರ ಮರಣದ ನಂತರ ನೋಡಿದಾಗ ಮಿದುಳಿನಲ್ಲಿ ಆಲ್ಝೈಮರ್ ಕಾಯಿಲೆಯ ಬದಲಾವಣೆಗಳು ವ್ಯಾಪಕವಾಗಿದ್ದವು. ಜೀವನಪೂರ್ತಿ ಬುದ್ಧಿಗೆ ಕೆಲಸ ಕೊಟ್ಟವರಲ್ಲಿ ಕಾಯಿಲೆ ಬಹಳ ಕಾಲ ಮರೆಯಲ್ಲಿರಬಹುದು. ಆದ್ದರಿಂದ "ಅಪ್ಪ ಇನ್ನೂ ಚೆಸ್‌ನಲ್ಲಿ ಗೆಲ್ಲುತ್ತಾರೆ, ಅವರಿಗೇನೂ ಆಗಿಲ್ಲ" ಎಂಬ ಸಮಾಧಾನ ಸಾಲದು. ಆಟಗಾರರೇ "ಏನೋ ಬದಲಾಗಿದೆ" ಎಂದರೆ ಅದನ್ನು ತಳ್ಳಿಹಾಕಬೇಡಿ.

ಯಾವುದು ಸಹಜ, ಯಾವುದು ಎಚ್ಚರಿಕೆಯ ಲಕ್ಷಣ?

ಸಾಮಾನ್ಯವಾಗಿ ಸಹಜ:

• ಬ್ಲಿಟ್ಜ್ ಆಟದಲ್ಲಿ ಸಮಯ ಮುಗಿದು ಸೋಲುವುದು, ನಿಧಾನದ ಆಟದಲ್ಲಿ ಮೊದಲಿನಂತೆಯೇ ಆಡುವುದು.
• ಹೊಸ ಓಪನಿಂಗ್ ಕಲಿಯಲು ಹೆಚ್ಚು ಬಾರಿ ಓದಬೇಕಾಗುವುದು.
• ಎದುರಾಳಿಯ ಹೆಸರು ಆ ಕ್ಷಣಕ್ಕೆ ಬಾರದೆ ಆಮೇಲೆ ನೆನಪಾಗುವುದು.
• ಉದ್ದದ ಆಟದ ಕೊನೆಯಲ್ಲಿ ದಣಿಯುವುದು.

ವೈದ್ಯರಿಗೆ ತೋರಿಸಬೇಕಾದದ್ದು:

• ದಶಕಗಳಿಂದ ಆಡುತ್ತಿದ್ದವರು ಕುದುರೆ ಹೇಗೆ ನಡೆಯುತ್ತದೆ, ಕ್ಯಾಸಲಿಂಗ್ ಹೇಗೆ ಎಂಬಂಥ ಮೂಲ ನಿಯಮ ಮರೆಯುವುದು.
• ಯಾರ ಸರದಿ ಎಂಬುದೇ ಪದೇ ಪದೇ ಗೊಂದಲವಾಗುವುದು, ಈಗಷ್ಟೇ ಮುಗಿದ ಆಟವನ್ನು ಆಡಿದ್ದೇ ನೆನಪಿಲ್ಲದಿರುವುದು.
• ಆಟದ ಆಚೆಗೂ ತೊಂದರೆ: ಗೊತ್ತಿರುವ ದಾರಿ ತಪ್ಪುವುದು, ಹಣದ ಲೆಕ್ಕ, ಮಾತ್ರೆ, ಗ್ಯಾಸ್ ಒಲೆಯ ವಿಷಯದಲ್ಲಿ ತಪ್ಪಾಗುವುದು, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು.
• ಪ್ರೀತಿಯ ಆಟವನ್ನು ಕಾರಣ ಹೇಳದೆ ಕೈಬಿಡುವುದು, ಸ್ವಭಾವ ಬದಲಾಗುವುದು.

ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ದಿಢೀರ್ ಗೊಂದಲವಾದರೆ ಅದು ಪಾರ್ಶ್ವವಾಯು ಇರಬಹುದು. ಕಾಯಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಪರೀಕ್ಷೆ ಕನ್ನಡದಲ್ಲಿ ಆಗಲಿ

ಹೊರರಾಜ್ಯದಲ್ಲಿರುವ ಕನ್ನಡಿಗರು ಇದನ್ನು ಮರೆಯಬಾರದು. ನೆನಪಿನ ಪರೀಕ್ಷೆಯಲ್ಲಿ ಪದಗಳನ್ನು ಹೇಳಿ ನೆನಪಿಡಲು, ವಸ್ತುಗಳ ಹೆಸರು ಹೇಳಲು, ವಾಕ್ಯವನ್ನು ಮರಳಿ ನುಡಿಯಲು ಕೇಳುತ್ತಾರೆ. ಕನ್ನಡದಲ್ಲೇ ಯೋಚಿಸುವ ಎಪ್ಪತ್ತೈದರ ತಾಯಿಯನ್ನು ದೆಹಲಿಯಲ್ಲಿ ಹಿಂದಿಯಲ್ಲೋ ಪುಣೆಯಲ್ಲಿ ಮರಾಠಿಯಲ್ಲೋ ಪರೀಕ್ಷಿಸಿದರೆ ಅಂಕ ಕಡಿಮೆ ಬರಬಹುದು. ಅದು ಭಾಷೆಯ ತೊಡಕೋ ನೆನಪಿನ ತೊಡಕೋ ತಿಳಿಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿರುವ ಅರಿವಿನ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಮನೆಮಾತು ಕನ್ನಡ ಎಂದು ವೈದ್ಯರಿಗೆ ಮೊದಲೇ ಹೇಳಿ, ಕನ್ನಡದ ಪರೀಕ್ಷೆ ಸಾಧ್ಯವೇ ಎಂದು ಕೇಳಿ. ಎಷ್ಟನೇ ತರಗತಿಯವರೆಗೆ ಓದಿದ್ದಾರೆ ಎಂಬುದನ್ನೂ ತಿಳಿಸಿ.

ಆಟವನ್ನು ವಯಸ್ಸಿಗೆ ಹೊಂದಿಸಿಕೊಳ್ಳುವುದು ಹೇಗೆ?

• ಸಮಯ ಹೆಚ್ಚಿಸಿ. ಮೂರು ನಿಮಿಷದ ಆಟದ ಬದಲು 15 ನಿಮಿಷದ, ಪ್ರತಿ ನಡೆಗೂ 10 ಸೆಕೆಂಡು ಸೇರುವ ಆಟ ಆರಿಸಿ. ನಿಮ್ಮ ಬಲವಾದ ತಿಳಿವಳಿಕೆಗೆ ಅಲ್ಲಿ ಅವಕಾಶವಿದೆ.
• ಓಪನಿಂಗ್ ಕಡಿಮೆ ಇರಲಿ, ಚೆನ್ನಾಗಿ ಗೊತ್ತಿರಲಿ. ಬಿಳಿಗೆ ಒಂದು, ಕಪ್ಪಿಗೆ ಎರಡು ಸಾಕು. ಆರಂಭದಲ್ಲಿ ಉಳಿಸಿದ ಸಮಯ ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.
• ನಡೆಯುವ ಮುನ್ನ ಒಂದೇ ಪ್ರಶ್ನೆ. "ಎದುರಾಳಿ ಈಗ ಏನನ್ನು ಹೊಡೆಯಬಲ್ಲ?" ಎಂದು ಪ್ರತಿ ಬಾರಿ ಕೇಳಿಕೊಳ್ಳಿ. ಕಣ್ತಪ್ಪಿನಿಂದ ಆಗುವ ತಪ್ಪು ಕಡಿಮೆಯಾಗುತ್ತದೆ.
• ದಿನಕ್ಕೆ 15 ನಿಮಿಷ ಅಭ್ಯಾಸ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಕೆಲವು ಒಗಟು ಬಿಡಿಸುವುದು ನೆನಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ತಪ್ಪಿದ ಒಗಟನ್ನು ಕೆಲವು ದಿನ ಬಿಟ್ಟು ಮತ್ತೆ ಬಿಡಿಸಿ.
• ಮೊಬೈಲಿಗಿಂತ ಮಣೆ ಒಳ್ಳೆಯದು. ಅದಿಲ್ಲದಿದ್ದರೆ ಟ್ಯಾಬ್ಲೆಟ್‌ನ ದೊಡ್ಡ ಪರದೆ ಬಳಸಿ. ಮಲಗುವ ಮುನ್ನ ಆನ್‌ಲೈನ್ ಬ್ಲಿಟ್ಜ್ ಬೇಡ, ನಿದ್ರೆ ಕೆಡುತ್ತದೆ.
• ನಡಿಗೆ ಬಿಡಬೇಡಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಮೊಣಕಾಲು ಅಥವಾ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ಆರಂಭಿಸಿ.

ಟೂರ್ನಿಗೆ ಹೋಗುವವರು ಮಾತ್ರೆ ಮತ್ತು ಊಟದ ಸಮಯವನ್ನು ಆಟಕ್ಕಾಗಿ ತಪ್ಪಿಸಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಮಟ್ಟ ಕುಸಿದರೆ ಬೆವರು, ನಡುಕ, ಗೊಂದಲ ಬರುತ್ತದೆ. ಆಟದ ಒತ್ತಡ ಎಂದುಕೊಂಡು ಅದನ್ನು ಕಡೆಗಣಿಸುವ ಅಪಾಯವಿದೆ. ಜೇಬಿನಲ್ಲಿ ಗ್ಲೂಕೋಸ್ ಇರಲಿ, ತೀರ್ಪುಗಾರರಿಗೆ ಮೊದಲೇ ತಿಳಿಸಿ. ಎದುರಾಳಿಯ ಸರದಿಯಲ್ಲಿ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ.

ಅರವತ್ತರ ನಂತರ ಹೊಸದಾಗಿ ಕಲಿಯಬಹುದೇ?

ಖಂಡಿತ. ಮಕ್ಕಳಷ್ಟು ಬೇಗ ಕಲಿಯಲಾಗದು. ನಿಯಮ ಕೈಗೆ ಹತ್ತಲು ಹೆಚ್ಚು ಆಟ ಬೇಕು, ಅಷ್ಟೇ. ಮೊದಲು ರಾಜ ಮತ್ತು ಕಾಲಾಳುಗಳಷ್ಟೇ ಇರುವ ಚಿಕ್ಕ ಆಟದಿಂದ ಶುರುಮಾಡಿ. ವಿಶ್ವ ಚೆಸ್ ಒಕ್ಕೂಟದ ವಿಶ್ವ ಸೀನಿಯರ್ ಚಾಂಪಿಯನ್‌ಷಿಪ್ 1991ರಲ್ಲಿ ಆರಂಭವಾಯಿತು. ಮೊದಲ ಪ್ರಶಸ್ತಿ ಗೆದ್ದವರು ಇದೇ ಸ್ಮಿಸ್ಲೋವ್. 2014ರಿಂದ ಅದು 50 ದಾಟಿದವರಿಗೆ ಮತ್ತು 65 ದಾಟಿದವರಿಗೆ ಪ್ರತ್ಯೇಕವಾಗಿ ನಡೆಯುತ್ತಿದೆ. ಸಮವಯಸ್ಕರ ಜೊತೆ ಆಡಿದರೆ ನಿಮ್ಮ ಆಟದ ಸರಿಯಾದ ಅಂದಾಜೂ ಸಿಗುತ್ತದೆ, ಸ್ನೇಹವೂ ಸಿಗುತ್ತದೆ.

ಮನೆಯವರಿಗೆ

ಹಿರಿಯರು ಸೋತಾಗ "ವಯಸ್ಸಾಯ್ತಲ್ಲ, ಇನ್ನೇಕೆ ಆಟ" ಎನ್ನಬೇಡಿ. ಸುಮ್ಮನೆ ಸೋತುಕೊಡುವುದೂ ಬೇಡ, ಅದು ಅವರಿಗೆ ತಿಳಿಯುತ್ತದೆ. ಗಡಿಯಾರ ಬದಿಗಿಟ್ಟು ಆಡಿ. ಬದಲಾವಣೆ ಕಂಡರೆ ಯಾವಾಗಿನಿಂದ, ಯಾವ ಕೆಲಸದಲ್ಲಿ ಎಂದು ಬರೆದಿಡಿ. ವೈದ್ಯರಿಗೆ ಆ ಟಿಪ್ಪಣಿ ಬಹಳ ಉಪಯೋಗ. ಹಿರಿಯರ ಆರೈಕೆಯ ಬಗ್ಗೆ ಮಾಹಿತಿ ಬೇಕಾದರೆ ಎಲ್ಡರ್‌ಲೈನ್ 14567ಕ್ಕೂ, ಒಂಟಿತನ ಅಥವಾ ಖಿನ್ನತೆ ಕಾಡುತ್ತಿದ್ದರೆ ಟೆಲಿ-ಮಾನಸ್ 14416ಕ್ಕೂ ಕರೆ ಮಾಡಬಹುದು. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮಗೆ ಅಥವಾ ನಿಮ್ಮ ಮನೆಯ ಹಿರಿಯರಿಗೆ ಮೇಲಿನ ಎಚ್ಚರಿಕೆಯ ಲಕ್ಷಣಗಳಿದ್ದರೆ ಕುಟುಂಬ ವೈದ್ಯರನ್ನು ಕಾಣಿ. ಅಗತ್ಯವಿದ್ದರೆ ಅವರು ನರರೋಗ ತಜ್ಞರ ಅಥವಾ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.